ಅನ್ನ ಮೊದಲೋ, ಹಕ್ಕು ಮೊದಲೋ?

(ಶತಮಾನೋತ್ಸವದ ವಿಚಾರಗೋಷ್ಠಿಯಲ್ಲಿ ಮಾಡಿದ ಭಾಷಣ)



ನೂರು ವರ್ಷ ತುಂಬಿದ ಇಗರ್ಜಿಯ ಹಬ್ಬದಲ್ಲಿ ಮಾನವ ಹಕ್ಕುಗಳಿಗೂ ರಾಷ್ಟ್ರದ ಆರ್ಥಿಕ ಏಳಿಗೆಗೂ ಇರುವ ಸಂಬಂಧವನ್ನು ಕುರಿತು ಮಾತನಾಡಬೇಕೆಂದು ಉತ್ಸವ ಸಮಿತಿಯವರು ಅಪ್ಪಣೆ ಮಾಡಿದ್ದಾರೆ. ಬಲಿಪೂಜೆಗೂ ಬಜೆಟ್ಟಿಗೂ ಏನು ನಂಟು ಎಂದು ತಮ್ಮಲ್ಲಿ ಕೆಲವರಿಗೆ ಅನಿಸಿದ್ದರೆ ಆಶ್ಚರ್ಯವಿಲ್ಲ. ಆದರೆ ಈ ಪ್ರಶ್ನೆ ಪಂಡಿತರ ಪುಸ್ತಕಗಳಲ್ಲಿ ಮಾತ್ರ ಇರುವಂಥದಲ್ಲ. ನಮ್ಮ ಮನೆಗಳ ಜಗಲಿಯ ಮೇಲೆ, ಆದಿತ್ಯವಾರದ ಪೂಜೆ ಮುಗಿದು ನಾವು ಅಂಗಳದಲ್ಲಿ ನಿಂತು ಮಾತನಾಡುವಾಗ, ಮತ್ತೆ ಮತ್ತೆ ಕೇಳಿಬರುವಂಥದು. "ಹಕ್ಕು, ಸ್ವಾತಂತ್ರ್ಯ ಎಂದು ಕೂಗಾಡುವುದರಿಂದಲೇ ಈ ದೇಶ ಹಿಂದೆ ಬಿದ್ದಿದೆ. ಯಾರಾದರೊಬ್ಬರು ಹತ್ತು ವರ್ಷ ಬಿಗಿಯಾಗಿ ಆಳಿದರೆ ಎಲ್ಲವೂ ಸರಿಹೋದೀತು. ಮೊದಲು ಅನ್ನ, ಹಕ್ಕಿನ ಮಾತು ಆಮೇಲೆ." ಈ ಮಾತನ್ನು ಆಡದ, ಇಲ್ಲವೆ ಕೇಳಿ ತಲೆದೂಗದ ಮನೆಗಳು ನಮ್ಮಲ್ಲಿ ಎಷ್ಟಿವೆ?

ನಮ್ಮ ದೇಶ ಇದನ್ನು ಒಮ್ಮೆ ಪ್ರಯೋಗಿಸಿಯೂ ನೋಡಿದೆ. 1975ರ ಜೂನ್ ತಿಂಗಳಿಂದ 1977ರ ಮಾರ್ಚ್ ತನಕ ತುರ್ತು ಪರಿಸ್ಥಿತಿ ಜಾರಿಯಲ್ಲಿತ್ತು. ಮಾತು ಕಡಿಮೆ ಮಾಡಿ, ದುಡಿಮೆ ಹೆಚ್ಚು ಮಾಡಿ ಎಂಬ ಘೋಷಣೆಯನ್ನು ಹಿರಿಯರು ಮರೆತಿರಲಾರರು. ರೈಲುಗಳು ಹೊತ್ತಿಗೆ ಸರಿಯಾಗಿ ಬರುತ್ತಿದ್ದವೆಂದು ಇಂದಿಗೂ ಹೊಗಳುವವರಿದ್ದಾರೆ. ಅದೇ ಅವಧಿಯಲ್ಲಿ, 1976ರ ಮೇ ತಿಂಗಳಲ್ಲಿ, ಅಣ್ಣ ಜಾರ್ಜ್ ಎಲ್ಲಿ ಅಡಗಿದ್ದಾರೆಂದು ಬಾಯಿಬಿಡಿಸುವುದಕ್ಕಾಗಿ ಮಂಗಳೂರು ಮೂಲದ ಲಾರೆನ್ಸ್ ಫೆರ್ನಾಂಡಿಸರನ್ನು ಬೆಂಗಳೂರಿನಲ್ಲಿ ಪೊಲೀಸರು ಚಿತ್ರಹಿಂಸೆಗೆ ಗುರಿಮಾಡಿದರು. ಉಬ್ಬಸದಿಂದ ನರಳುತ್ತಿದ್ದ ನಟಿ ಸ್ನೇಹಲತಾ ರೆಡ್ಡಿಯವರನ್ನು ಬೆಂಗಳೂರಿನ ಸೆರೆಮನೆಯಲ್ಲಿ ತಿಂಗಳುಗಟ್ಟಲೆ ಕೂಡಿಹಾಕಲಾಯಿತು. 1977ರ ಜನವರಿಯಲ್ಲಿ ಹೊರಬಂದ ಕೆಲವೇ ದಿನಗಳಲ್ಲಿ ಅವರು ತೀರಿಕೊಂಡರು. ಆದರೂ ಇಪ್ಪತ್ತೊಂದು ತಿಂಗಳ ಅವಧಿ ಒಂದು ದೇಶದ ಅರ್ಥವ್ಯವಸ್ಥೆಯನ್ನು ತೂಗಿನೋಡಲು ಸಾಲದು ಎಂದು ವಾದಿಸುವವರು ವಾದಿಸಿಯಾರು. ಆದ್ದರಿಂದ ಈ ಪ್ರಯೋಗ ಇಪ್ಪತ್ತಾರು ವರ್ಷ ನಡೆದ ಒಂದು ದೇಶಕ್ಕೆ ತಮ್ಮನ್ನು ಕರೆದೊಯ್ಯಲು ನಾವು ಬಯಸುತ್ತೇವೆ. ಅದು ದಕ್ಷಿಣ ಕೊರಿಯ. ಅಲ್ಲಿ ಶ್ರೀಸಭೆಯು ಈ ಪ್ರಶ್ನೆಯ ನಡುಬೀದಿಯಲ್ಲಿ ನಿಲ್ಲಬೇಕಾಗಿ ಬಂದುದು ಆ ದೇಶವನ್ನು ಆರಿಸಿಕೊಳ್ಳಲು ಇನ್ನೊಂದು ಕಾರಣ.

ಕೊರಿಯದ ಏಳಿಗೆಯನ್ನು ಅಲ್ಲಗಳೆಯುವುದು ನ್ಯಾಯವಲ್ಲ. ಜನರಲ್ ಪಾರ್ಕ್ ಚುಂಗ್ ಹೀ 1961ರ ಮೇ 16ರಂದು ಸೈನ್ಯದ ಬಲದಿಂದ ಅಧಿಕಾರ ಹಿಡಿದಾಗ ಅಲ್ಲಿಯ ತಲಾ ವಾರ್ಷಿಕ ಆದಾಯ ನೂರು ಡಾಲರಿಗಿಂತ ಕಡಿಮೆಯಿತ್ತು. ಯುದ್ಧದಲ್ಲಿ ಸುಟ್ಟುಹೋದ, ಅಮೆರಿಕದ ಧಾನ್ಯ ತಿಂದು ಬದುಕುತ್ತಿದ್ದ ದೇಶ ಅದು. 1964ರಲ್ಲಿ ಅದರ ರಫ್ತು ಹತ್ತು ಕೋಟಿ ಡಾಲರ್ ಮುಟ್ಟಿದ್ದಕ್ಕೆ ಹಬ್ಬ ಮಾಡಿದರು. 1977ರಲ್ಲಿ ಅದೇ ರಫ್ತು ಸಾವಿರ ಕೋಟಿ ಡಾಲರ್ ಮುಟ್ಟಿತು. ಹದಿಮೂರು ವರ್ಷಗಳಲ್ಲಿ ನೂರು ಪಟ್ಟು! 1970ರಲ್ಲಿ ಸಿಯೋಲ್‌ನಿಂದ ಬುಸಾನಿಗೆ ಹೆದ್ದಾರಿ, 1973ರಲ್ಲಿ ಪೊಹಾಂಗ್‌ನಲ್ಲಿ ಉಕ್ಕಿನ ಕಾರ್ಖಾನೆ. ಇವೆಲ್ಲ ನಡೆದದ್ದು ಪತ್ರಿಕೆಗಳ ಬಾಯಿ ಕಟ್ಟಿ, ಕಾರ್ಮಿಕ ಸಂಘಗಳ ಕೈ ಕಟ್ಟಿ ಆಳಿದ ಒಬ್ಬ ಸೇನಾನಿಯ ಕಾಲದಲ್ಲಿ. 1972ರ ಸಂವಿಧಾನ ಅವರನ್ನು ಬದುಕಿರುವತನಕ ಅಧ್ಯಕ್ಷರನ್ನಾಗಿ ಇರಿಸಬಲ್ಲಂತಿತ್ತು. ಬಿಗಿ ಕೈಯನ್ನು ಹೊಗಳುವವರಿಗೆ ಇದಕ್ಕಿಂತ ಒಳ್ಳೆಯ ಸಾಕ್ಷಿ ಸಿಗಲಾರದು.

ಆದರೆ ಸಾಕ್ಷಿಯನ್ನು ಪೂರ್ತಿಯಾಗಿ ಕೇಳಬೇಡವೇ? ಸೇನಾನಿ ಬರುವುದಕ್ಕೆ ಮೊದಲೇ ಎರಡು ಕೆಲಸಗಳು ಆಗಿಹೋಗಿದ್ದವು. 1949ರ ಭೂಸುಧಾರಣಾ ಕಾನೂನು ಅಲ್ಲಿ ಯಾರೂ ಸುಮಾರು ಮೂರು ಹೆಕ್ಟೇರಿಗಿಂತ ಹೆಚ್ಚು ಹೊಲ ಇಟ್ಟುಕೊಳ್ಳಬಾರದೆಂದು ವಿಧಿಸಿತು. ಒಕ್ಕಲಿಗನು ಒಂದೂವರೆ ವರ್ಷದ ಬೆಳೆಯಷ್ಟನ್ನು ಐದು ವರ್ಷಗಳ ಕಂತಿನಲ್ಲಿ ಕೊಟ್ಟು ಹೊಲದ ಒಡೆಯನಾದನು. ಇದರ ಅರ್ಥವನ್ನು ಈ ಸಭೆಗೆ ವಿವರಿಸಬೇಕಾಗಿಲ್ಲ. ಗೇಣಿಯ ಮುಡಿಯಕ್ಕಿಯನ್ನು ಹೊತ್ತು ಧಣಿಗಳ ಅಂಗಳದಲ್ಲಿ ನಿಂತವರ ಮಕ್ಕಳು, ಮೊಮ್ಮಕ್ಕಳು ಇಲ್ಲಿದ್ದಾರೆ. 1974ರ ಮಾರ್ಚ್ 1ರಂದು ಜಾರಿಗೆ ಬಂದ ನಮ್ಮ ರಾಜ್ಯದ ತಿದ್ದುಪಡಿ ಕಾನೂನಿನ ಡಿಕ್ಲರೇಷನ್ ಕಾಗದಗಳು ಅನೇಕ ಮನೆಗಳ ಪೆಟ್ಟಿಗೆಯಲ್ಲಿ ಇಂದಿಗೂ ಇರಬಹುದು. ಕೊರಿಯದ ಎರಡನೆಯ ಕೆಲಸ ಶಾಲೆ. 1945ರಲ್ಲಿ ಜಪಾನೀಯರು ಹೊರಟಾಗ ಅಲ್ಲಿ ಓದಬಲ್ಲವರು ಸುಮಾರು ಐವರಲ್ಲಿ ಒಬ್ಬರು. 1948ರ ಸಂವಿಧಾನ ಪ್ರಾಥಮಿಕ ಶಿಕ್ಷಣವನ್ನು ಕಡ್ಡಾಯವಾಗಿಯೂ ಉಚಿತವಾಗಿಯೂ ಮಾಡಿತು, 1960ರ ಸುಮಾರಿಗೆ ಮಕ್ಕಳೆಲ್ಲ ಬಹುಮಟ್ಟಿಗೆ ಶಾಲೆಯಲ್ಲಿದ್ದರು. ಹೊಲದ ಹಕ್ಕು, ಅಕ್ಷರದ ಹಕ್ಕು, ಇವೂ ಮಾನವ ಹಕ್ಕುಗಳೇ. ಪೋಪ್ ಇಪ್ಪತ್ತಮೂರನೆಯ ಜಾನ್ 1963ರಲ್ಲಿ ಹೊರಡಿಸಿದ 'ಪಾಚೆಮ್ ಇನ್ ತೆರಿಸ್' ಎಂಬ ವಿಶ್ವಪತ್ರದಲ್ಲಿ ಅನ್ನ, ಬಟ್ಟೆ, ಸೂರು, ಔಷಧಿಗಳನ್ನು ವಾಕ್ ಸ್ವಾತಂತ್ರ್ಯದ ಜೊತೆಯಲ್ಲಿಯೇ ಹಕ್ಕುಗಳೆಂದು ಎಣಿಸಿದ್ದಾರೆ. ಅನ್ನ ಒಂದು ಕಡೆ, ಹಕ್ಕು ಇನ್ನೊಂದು ಕಡೆ ಎಂದು ತಕ್ಕಡಿಯಲ್ಲಿ ಇಡುವ ಕ್ರಮವೇ ಸರಿಯಲ್ಲವೆಂದು ನಮಗೆ ತೋರುತ್ತದೆ.

ಬಿಗಿ ಕೈಯೇ ಸಿರಿಗೆ ಕಾರಣವಾಗಿದ್ದರೆ ಉತ್ತರ ಕೊರಿಯ ಇನ್ನೂ ಸಿರಿವಂತವಾಗಬೇಕಿತ್ತು. ಅದೇ ಜನ, ಅದೇ ಭಾಷೆ. 1945ರಲ್ಲಿ ಭಾರಿ ಕಾರ್ಖಾನೆಗಳಲ್ಲಿ ಹೆಚ್ಚಿನವು ಇದ್ದುದೂ ಉತ್ತರದಲ್ಲಿಯೇ. ಅಲ್ಲಿಯ ಕೈ ದಕ್ಷಿಣದ್ದಕ್ಕಿಂತ ಎಷ್ಟೋ ಪಾಲು ಬಿಗಿ. 1990ರ ದಶಕದ ನಡುವಿನಲ್ಲಿ ಆ ದೇಶದ ಜನ ಹಸಿವಿನಿಂದ ಲಕ್ಷಗಟ್ಟಲೆ ಸತ್ತರು. ಸ್ವತಂತ್ರ ಪತ್ರಿಕೆಯೂ ಚುನಾವಣೆಯೂ ಇರುವ ದೇಶದಲ್ಲಿ ದೊಡ್ಡ ಕ್ಷಾಮ ಬಿದ್ದುದಿಲ್ಲವೆಂದು ಅಮರ್ತ್ಯ ಸೇನರು ತೋರಿಸಿಕೊಟ್ಟಿದ್ದಾರೆ. ಹಸಿದವನ ಕೂಗು ಅರಮನೆಗೆ ಕೇಳಿಸುವ ದಾರಿ ತೆರೆದಿರಬೇಕು, ಅಷ್ಟೇ.

ಇನ್ನು ದಕ್ಷಿಣದ ಏಳಿಗೆಗೆ ಬೆಲೆ ತೆತ್ತವರು ಯಾರು? ಸಿಯೋಲ್ ನಗರದ 'ಶಾಂತಿ ಮಾರುಕಟ್ಟೆ'ಯಲ್ಲಿ ನೂರಾರು ಬಟ್ಟೆ ಹೊಲಿಯುವ ಅಂಗಡಿಗಳಿದ್ದವು. ಹೆಚ್ಚು ಯಂತ್ರ ಹಿಡಿಸಲೆಂದು ಒಂದು ಅಂತಸ್ತನ್ನು ಅಡ್ಡ ಹಲಗೆ ಹಾಕಿ ಎರಡು ಮಾಡಿದ್ದರು, ಆಳು ನೆಟ್ಟಗೆ ನಿಲ್ಲುವಂತಿರಲಿಲ್ಲ. ಅರಿವೆಯ ಧೂಳಿನ ನಡುವೆ ಹದಿಮೂರು, ಹದಿನಾಲ್ಕು ವರ್ಷದ ಹುಡುಗಿಯರು ದಿನಕ್ಕೆ ಹದಿನಾಲ್ಕು ಗಂಟೆ ದುಡಿಯುತ್ತಿದ್ದರು. ಅಲ್ಲಿ ಬಟ್ಟೆ ಕತ್ತರಿಸುವ ಕೆಲಸದಲ್ಲಿದ್ದ ಜೊನ್ ತೇ ಇಲ್ ಎಂಬ ತರುಣ, ಮನೆಗೆ ಹೋಗುವ ಬಸ್ಸಿನ ದುಡ್ಡನ್ನು ಆ ಹುಡುಗಿಯರಿಗೆ ತಿಂಡಿ ಕೊಡಿಸಲು ಖರ್ಚು ಮಾಡಿ ತಾನು ನಡೆದು ಹೋಗುತ್ತಿದ್ದನಂತೆ. ಕಾರ್ಮಿಕರ ಕೆಲಸದ ಹೊತ್ತು, ರಜೆ, ಆರೋಗ್ಯಗಳ ಬಗ್ಗೆ ಒಂದು ಕಾನೂನು ಇದೆಯೆಂದು ಅವನಿಗೆ ಒಂದು ದಿನ ತಿಳಿಯಿತು. 1953ರಲ್ಲಿಯೇ ಆದ ಕಾನೂನು! ಹೆಚ್ಚು ಓದಿದವನಲ್ಲ. ಕಾನೂನಿನ ಪುಸ್ತಕವೋ ಕಠಿಣವಾದ ಚೀನೀ ಅಕ್ಷರಗಳಿಂದ ತುಂಬಿತ್ತು. ಅರ್ಥ ಹೇಳಿಕೊಡಲು ಕಾಲೇಜು ಓದಿದ ಒಬ್ಬ ಗೆಳೆಯ ತನಗಿದ್ದಿದ್ದರೆ ಎಂದು ಅವನು ಹಂಬಲಿಸುತ್ತಿದ್ದ. ಅಧಿಕಾರಿಗಳಿಗೆ ಅರ್ಜಿ ಕೊಟ್ಟ, ಲೆಕ್ಕಪಟ್ಟಿ ಮಾಡಿ ತೋರಿಸಿದ. ಯಾರೂ ಕಿವಿಗೊಡಲಿಲ್ಲ. 1970ರ ನವೆಂಬರ್ 13ರಂದು, ಇಪ್ಪತ್ತೆರಡನೆಯ ವಯಸ್ಸಿನಲ್ಲಿ, ಆ ಮಾರುಕಟ್ಟೆಯ ಬೀದಿಯಲ್ಲಿ ಅವನು ಮೈಗೆ ಬೆಂಕಿ ಹಚ್ಚಿಕೊಂಡ. ನಾವು ಯಂತ್ರಗಳಲ್ಲ, ಕಾನೂನನ್ನು ಪಾಲಿಸಿ ಎಂಬುದೇ ಅವನ ಕೂಗಾಗಿತ್ತು. ಪ್ರಾಣವನ್ನು ತಾನೇ ಕಳೆದುಕೊಳ್ಳುವುದನ್ನು ನಾವು ಒಪ್ಪಲಾರೆವು. ಆದರೆ ಅವನು ಹೊಸದೇನನ್ನೂ ಕೇಳಿರಲಿಲ್ಲ, ಸರಕಾರವೇ ಅಚ್ಚು ಹಾಕಿಸಿದ ಪುಸ್ತಕದಲ್ಲಿ ಇದ್ದುದನ್ನು ಕೇಳಿದ್ದ ಎಂಬುದನ್ನು ಮರೆಯುವಂತಿಲ್ಲ.

ಆ ದೇಶದ ಶ್ರೀಸಭೆ ಸುಮ್ಮನಿರಲಿಲ್ಲ. ಕೊರಿಯದ ಧರ್ಮಸಭೆಯನ್ನು ನೆಟ್ಟವರು ಹೊರಗಿನ ಮಿಷನರಿಗಳಲ್ಲ ಎಂಬುದು ತಮ್ಮಲ್ಲಿ ಕೆಲವರಿಗೆ ತಿಳಿದಿರಬಹುದು. ಪುಸ್ತಕ ಓದಿ ವಿಶ್ವಾಸಕ್ಕೆ ಬಂದ ಗೃಹಸ್ಥರಲ್ಲಿ ಒಬ್ಬರು 1784ರಲ್ಲಿ ಪೆಕಿಂಗಿಗೆ ಹೋಗಿ ಜ್ಞಾನಸ್ನಾನ ಪಡೆದು ಬಂದರು. ಮುಂದೆ ಸಾವಿರಾರು ಜನ ವೇದಸಾಕ್ಷಿಗಳಾದರು. ಅಂಥ ಸಭೆಗೆ 1969ರಲ್ಲಿ ಮೊದಲ ಕಾರ್ಡಿನಲ್ ಆಗಿ ಬಂದವರು ಸ್ಟೀಫನ್ ಕಿಮ್ ಸೂ ಹ್ವಾನ್. ಯುವ ಕ್ರೈಸ್ತ ಕಾರ್ಮಿಕರ ಸಂಘಟನೆಯೊಂದಿಗೆ ದುಡಿದಿದ್ದವರು. 1971ರ ಕ್ರಿಸ್ತಜಯಂತಿಯ ನಡುರಾತ್ರಿಯ ಪೂಜೆ ಟೆಲಿವಿಷನ್ನಿನಲ್ಲಿ ನೇರವಾಗಿ ಪ್ರಸಾರವಾಗುತ್ತಿದ್ದಾಗ, ಅಧ್ಯಕ್ಷರಿಗೆ ಮಿತಿಮೀರಿದ ಅಧಿಕಾರ ಕೊಡುವ ಮಸೂದೆಯನ್ನು ಅವರು ಪ್ರಸಂಗದಲ್ಲಿ ಟೀಕಿಸಿದರು. ಪ್ರಸಾರವನ್ನು ನಡುವಿನಲ್ಲಿಯೇ ಕಡಿಯಲಾಯಿತು. 1974ರಲ್ಲಿ ವೊಂಜು ಧರ್ಮಪ್ರಾಂತ್ಯದ ಬಿಷಪ್ ದಾನಿಯೇಲ್ ಚಿ ಹಾಕ್ ಸುನ್ ಅವರಿಗೆ ಸೈನಿಕ ನ್ಯಾಯಾಲಯ ಹದಿನೈದು ವರ್ಷದ ಸಜೆ ವಿಧಿಸಿತು. ಮುಂದಿನ ವರ್ಷ ಬಿಡಬೇಕಾಯಿತೆನ್ನಿ. ಆ ಬಂಧನದಿಂದ ನೊಂದ ಗುರುಗಳು ಒಂದುಗೂಡಿ ನ್ಯಾಯಕ್ಕಾಗಿ ಸಂಘವೊಂದನ್ನು ಕಟ್ಟಿದರು.

ಹೊಟ್ಟೆಯ ಪ್ರಶ್ನೆಗೂ ಹಕ್ಕಿನ ಪ್ರಶ್ನೆಗೂ ನಡುವೆ ಗೋಡೆಯಿಲ್ಲವೆಂಬುದಕ್ಕೆ 1979ರ ಒಂದು ಘಟನೆ ಸಾಕು. ಒಂದು ಕಾಲದಲ್ಲಿ ಕೊರಿಯದ ದೊಡ್ಡ ರಫ್ತುಗಳಲ್ಲಿ ಕೃತಕ ಕೇಶವೂ ಒಂದಾಗಿತ್ತು, ಅಂದರೆ ಟೋಪನ್ನು. ಅದನ್ನು ತಯಾರಿಸುವ ಕಾರ್ಖಾನೆಯೊಂದು ಬಾಗಿಲು ಮುಚ್ಚಿದಾಗ ಅಲ್ಲಿಯ ಹೆಣ್ಣುಮಕ್ಕಳು ವಿರೋಧ ಪಕ್ಷದ ಕಚೇರಿಯಲ್ಲಿ ಧರಣಿ ಕುಳಿತರು. ಆಗಸ್ಟ್ 11ರ ನಸುಕಿನಲ್ಲಿ ಪೊಲೀಸರು ನುಗ್ಗಿದರು, ಒಬ್ಬ ತರುಣಿ ಸತ್ತಳು. ಆ ಹೆಣ್ಣುಮಕ್ಕಳ ಪರವಾಗಿ ನಿಂತ ವಿರೋಧ ಪಕ್ಷದ ನಾಯಕರನ್ನು ಪಾರ್ಲಿಮೆಂಟಿನಿಂದ ಹೊರಹಾಕಿದರು, ಅವರ ಸೀಮೆಯಾದ ಬುಸಾನ್, ಮಾಸಾನ್‌ಗಳಲ್ಲಿ ಜನ ಬೀದಿಗಿಳಿದರು, ಅವರನ್ನು ಹೇಗೆ ಅಡಗಿಸಬೇಕೆಂಬ ಬಗ್ಗೆ ಆಳುವವರಲ್ಲಿಯೇ ಒಡಕು ಬಂತು. ಅಕ್ಟೋಬರ್ 26ರಂದು ಅಧ್ಯಕ್ಷ ಪಾರ್ಕ್‌ರನ್ನು ಅವರದೇ ಗುಪ್ತಚರ ಇಲಾಖೆಯ ಮುಖ್ಯಸ್ಥರು ಗುಂಡಿಟ್ಟು ಕೊಂದರು. ಸಂಬಳಕ್ಕಾಗಿ ಕುಳಿತ ಬಡ ಹುಡುಗಿಯರ ಮಾತನ್ನು ಕೇಳಲೊಲ್ಲದ ಸರಕಾರ ಎರಡೂವರೆ ತಿಂಗಳಲ್ಲಿ ತಲೆಯನ್ನೇ ಕಳೆದುಕೊಂಡಿತು. 1980ರಲ್ಲಿ, ಕಾರ್ಖಾನೆಗಳಲ್ಲಿ ಮಿತಿಮೀರಿ ಹೂಡಿದ ಹಣ, ಎಣ್ಣೆಯ ಬೆಲೆಯೇರಿಕೆ, ರಾಜಕೀಯ ಕಲಹ ಎಲ್ಲವೂ ಸೇರಿ, ದಶಕಗಳ ಬೆಳವಣಿಗೆ ನಿಂತು ಅರ್ಥವ್ಯವಸ್ಥೆ ಕುಗ್ಗಿತು. ಆ ವರ್ಷದ ಮೇ ತಿಂಗಳಲ್ಲಿಯೇ ಹೊಸ ಸೇನಾನಿ ಚುನ್ ದೂ ಹ್ವಾನರ ಸೈನಿಕರು ಗ್ವಾಂಗ್‌ಜು ನಗರದಲ್ಲಿ ನೂರಾರು ಜನರನ್ನು ಕೊಂದರು. ಬಿಗಿ ಆಡಳಿತ ಸ್ಥಿರತೆ ತರುತ್ತದೆ ಎನ್ನುವವರು ಈ ಎರಡು ವರ್ಷಗಳ ಪುಟವನ್ನು ಬೇಗ ತಿರುವಿಬಿಡುತ್ತಾರೆ.

1987ರ ಕಥೆಯನ್ನು ಮಾತ್ರ ಬೇಗ ತಿರುವಲು ನಮಗೆ ಮನಸ್ಸಿಲ್ಲ. ಜನವರಿಯಲ್ಲಿ ಪಾರ್ಕ್ ಜೊಂಗ್ ಚುಲ್ ಎಂಬ ವಿದ್ಯಾರ್ಥಿ ಪೊಲೀಸರ ವಶದಲ್ಲಿ ಸತ್ತ. ಮೇಜನ್ನು ಬಡಿದಾಗ ಬೆಚ್ಚಿಬಿದ್ದು ಸತ್ತನೆಂದು ಪೊಲೀಸರು ವಿವರಣೆ ಕೊಟ್ಟರು. ನಿಜದಲ್ಲಿ ಅವನನ್ನು ನೀರಿನಲ್ಲಿ ಮುಳುಗಿಸಿ ಹಿಂಸಿಸಿದ್ದರು. ತಪ್ಪಿತಸ್ಥರಲ್ಲಿ ಹಲವರನ್ನು ಬಚ್ಚಿಟ್ಟಿದ್ದಾರೆಂಬ ಸುದ್ದಿ ಸೆರೆಮನೆಯಿಂದ ಚೀಟಿಯ ರೂಪದಲ್ಲಿ ಗುಟ್ಟಾಗಿ ಹೊರಬಂದು ಗುರುಗಳ ಕೈ ಸೇರಿತು. ಮೇ 18ರಂದು, ಗ್ವಾಂಗ್‌ಜುವಿನ ಮೃತರಿಗಾಗಿ ಮ್ಯೊಂಗ್‌ದೊಂಗ್ ಪ್ರಧಾನಾಲಯದಲ್ಲಿ ಪೂಜೆ ನಡೆದಾಗ, ಅದನ್ನು ಜಗತ್ತಿನೆದುರು ಓದಿದರು. ಜೂನ್ 10ರಂದು ದೇಶವೆಲ್ಲ ಬೀದಿಗೆ ಬಂತು. ಪೊಲೀಸರು ಬೆನ್ನಟ್ಟಿದ ನೂರಾರು ಜನ ಅದೇ ಪ್ರಧಾನಾಲಯದ ಆವರಣ ಸೇರಿದರು. ಅವರನ್ನು ಹಿಡಿಯಲು ಒಳಗೆ ಬರುತ್ತೇವೆಂದು ಸರಕಾರದವರು ತಿಳಿಸಿದಾಗ ಕಾರ್ಡಿನಲ್ ಕಿಮ್ ಕೊಟ್ಟ ಉತ್ತರ ಕೊರಿಯದ ಮಕ್ಕಳಿಗೂ ಗೊತ್ತು: ಬಂದವರಿಗೆ ಮೊದಲು ಸಿಗುವವನು ತಾನು, ತನ್ನ ಹಿಂದೆ ಗುರುಗಳು, ಅವರ ಹಿಂದೆ ಕನ್ಯಾಸ್ತ್ರೀಯರು, ವಿದ್ಯಾರ್ಥಿಗಳು ಅವರೆಲ್ಲರ ಹಿಂದೆ. ಪೊಲೀಸರು ಬರಲಿಲ್ಲ. ಜೂನ್ 29ರಂದು ಆಳುವ ಪಕ್ಷ ಜನರಿಂದ ನೇರ ಚುನಾವಣೆಗೆ ಒಪ್ಪಿತು.

ಆಮೇಲೆ ಸಿರಿ ಹಾರಿಹೋಯಿತೇ? ಹಾಗೆಂದು ಹೆದರಿಸಿದವರು ಬಹಳ ಮಂದಿ. ಆ ಬೇಸಗೆಯಲ್ಲಿಯೇ ಮೂರು ಸಾವಿರಕ್ಕೂ ಹೆಚ್ಚು ಮುಷ್ಕರಗಳಾದವು. ಸಂಬಳ ಏರಿತು, ಸಂಘಗಳು ಬೆಳೆದವು. 1987ರಲ್ಲಿ ಮೂರು ಸಾವಿರದ ಚಿಲ್ಲರೆ ಡಾಲರ್ ಇದ್ದ ತಲಾ ಆದಾಯ 1995ರ ಹೊತ್ತಿಗೆ ಹತ್ತು ಸಾವಿರವನ್ನು ದಾಟಿತ್ತು. ಸಂಬಳ ಸಿಕ್ಕವನು ತಾನು ಮಾಡಿದ ಸಾಮಾನನ್ನು ತಾನೇ ಕೊಳ್ಳಬಲ್ಲವನಾದ. ಅಗ್ಗದ ಕೂಲಿಯ ಆಸರೆ ತಪ್ಪಿದ ಕಾರ್ಖಾನೆಗಳು ಟೋಪನ್ನು, ಅಂಗಿಗಳನ್ನು ಬಿಟ್ಟು ಹೆಚ್ಚಿನ ಕುಶಲತೆ ಬೇಡುವ ಸರಕುಗಳತ್ತ ತಿರುಗಬೇಕಾಯಿತು.

ಆದರೆ ಸರಕಾರ, ಬ್ಯಾಂಕು, ದೊಡ್ಡ ಮನೆತನಗಳ ಕಂಪೆನಿಗಳು ಕತ್ತಲೆಯಲ್ಲಿ ಕೈಕುಲುಕುವ ಹಳೆಯ ರೂಢಿ ಬಿಟ್ಟುಹೋಗಿರಲಿಲ್ಲ. ಮರೆಯಲ್ಲಿ ಬೆಳೆದ ಸಾಲ 1997ರಲ್ಲಿ ಒಡೆಯಿತು, ದೇಶ ಅಂತಾರಾಷ್ಟ್ರೀಯ ಹಣಕಾಸು ನಿಧಿಯ ಬಾಗಿಲಿಗೆ ಹೋಯಿತು. ಆಗ ಅಧ್ಯಕ್ಷರಾಗಿ ಆರಿಸಿಬಂದವರು ಕಿಮ್ ದೇ ಜುಂಗ್. ನಮ್ಮವರೇ, ಜ್ಞಾನಸ್ನಾನದ ಹೆಸರು ತೋಮಸ್ ಮೋರ್. 1973ರಲ್ಲಿ ಟೋಕಿಯೋದ ಹೋಟೆಲಿನಿಂದ ಗುಪ್ತಚರರು ಅಪಹರಿಸಿದ್ದ, 1980ರಲ್ಲಿ ಸೇನಾಡಳಿತ ಮರಣದಂಡನೆ ವಿಧಿಸಿದ್ದ ಮನುಷ್ಯ. ಏಷ್ಯದವರ ಸಂಸ್ಕೃತಿಗೆ ಪಶ್ಚಿಮದ ಪ್ರಜಾಪ್ರಭುತ್ವ ಒಗ್ಗದೆಂಬ ಸಿಂಗಪುರದ ಲೀ ಕ್ವಾನ್ ಯೂ ಅವರ ವಾದಕ್ಕೆ 1994ರಲ್ಲಿ ಲಿಖಿತವಾಗಿ ಉತ್ತರ ಕೊಟ್ಟವರೂ ಅವರೇ. 1998ರ ಆರಂಭದಲ್ಲಿ ದೇಶದ ಸಾಲ ತೀರಿಸಲು ಜನ ತಮ್ಮ ಬಂಗಾರ ತಂದುಕೊಟ್ಟರು. ಸುಮಾರು 35 ಲಕ್ಷ ಜನ, 227 ಟನ್ ಬಂಗಾರ. ಮದುವೆಯ ಉಂಗುರಗಳು, ಮಕ್ಕಳ ಮೊದಲ ಹುಟ್ಟುಹಬ್ಬದ ಉಂಗುರಗಳು. ಕಾರ್ಡಿನಲ್ ಕಿಮ್ ತಮ್ಮ ಬಂಗಾರದ ಶಿಲುಬೆಯನ್ನು ಕೊಟ್ಟರು. ನಿಧಿಯಿಂದ ಪಡೆದ 1,950 ಕೋಟಿ ಡಾಲರ್ ಸಾಲ 2001ರ ಆಗಸ್ಟಿನಲ್ಲಿ, ಗಡುವಿಗೆ ಸುಮಾರು ಮೂರು ವರ್ಷ ಮೊದಲೇ, ತೀರಿತು. ಅನೇಕರು ಕೆಲಸ ಕಳೆದುಕೊಂಡರು, ಅದನ್ನು ಮುಚ್ಚಿಡಬಾರದು. ಆದರೆ ಬೆದರಿಸಿ ಆಳುವ ಸೇನಾನಿಗೆ ಹೆಂಗಸರು ತಾವಾಗಿ ಉಂಗುರ ಬಿಚ್ಚಿಕೊಡುತ್ತಿದ್ದರೇ?

ಇಷ್ಟು ಹೇಳಿದ ಮೇಲೆ, ಹಕ್ಕು ಕೊಟ್ಟರೆ ಸಿರಿ ತಾನಾಗಿ ಬರುತ್ತದೆ ಎಂಬ ಸುಲಭದ ಮಾತನ್ನು ನಾವು ಆಡುವುದಿಲ್ಲ. ಸಿಂಗಪುರ ಹಲವು ಸ್ವಾತಂತ್ರ್ಯಗಳನ್ನು ಬಿಗಿಹಿಡಿದೇ ಸಿರಿವಂತವಾಯಿತು. ಚೀನ ಕೋಟಿಗಟ್ಟಲೆ ಜನರನ್ನು ಬಡತನದಿಂದ ಎತ್ತಿತು, ಅಲ್ಲಿಯ ಬಿಷಪ್ಪರು ಮಾತನಾಡುವ ಮೊದಲು ಸುತ್ತ ನೋಡಬೇಕಾದ ಸ್ಥಿತಿ ಹಾಗೆಯೇ ಇದೆ. ನಮ್ಮ ಕಥೆಯೂ ಇದೆಯಲ್ಲ. 1951ರ ಜನಗಣತಿಯಲ್ಲಿ ನಮ್ಮಲ್ಲಿ ಅಕ್ಷರ ಬಲ್ಲವರು ನೂರಕ್ಕೆ ಹದಿನೆಂಟು. ಹತ್ತು ವರ್ಷದೊಳಗೆ ಎಲ್ಲ ಮಕ್ಕಳಿಗೂ ಉಚಿತ ಶಿಕ್ಷಣ ಕೊಡಲು ಯತ್ನಿಸಬೇಕೆಂದು ಸಂವಿಧಾನ ಹೇಳಿತ್ತು, ಅದು ಮೂಲಭೂತ ಹಕ್ಕಾಗಿ ಸಂವಿಧಾನದಲ್ಲಿ ಸೇರಿದ್ದು 2002ರಲ್ಲಿ, ಕಾನೂನಾಗಿ ಜಾರಿಯಾದದ್ದು 2010ರ ಏಪ್ರಿಲ್ 1ರಂದು. ಕೊರಿಯದವರಿಗೆ ಅಕ್ಷರವಿತ್ತು, ನಿಜವಾದ ಮತವಿರಲಿಲ್ಲ. ನಮಗೆ ಮತವಿತ್ತು, ಅಕ್ಷರವಿರಲಿಲ್ಲ. ಅವರು ಮತವನ್ನು ಹೋರಾಡಿ ಪಡೆದರು. ನಾವು ಅಕ್ಷರವನ್ನು ಅರ್ಧ ಶತಮಾನ ಕಾಯಿಸಿದೆವು. ನಮ್ಮ ಹಿಂದುಳಿದಿರುವಿಕೆಗೆ ಹಕ್ಕುಗಳ ಅತಿರೇಕವನ್ನು ದೂರುವವರು ಈ ಲೆಕ್ಕವನ್ನೂ ನೋಡಬೇಕು.

ಇಲ್ಲಿ ಇನ್ನೊಂದು ಎಚ್ಚರಿಕೆ ಅಗತ್ಯ. ಹಕ್ಕುಗಳನ್ನು ಗೌರವಿಸಿದರೆ ಬಂಡವಾಳ ಬರುತ್ತದೆ, ರಫ್ತು ಏರುತ್ತದೆ ಎಂದು ಕೆಲವು ಸದುದ್ದೇಶದ ವಿದ್ವಾಂಸರು ವಾದಿಸುತ್ತಾರೆ. ಬಹಳ ಸಲ ಅದು ನಿಜವೂ ಹೌದು. ಆದರೆ ಲಾಭಕ್ಕಾಗಿ ಕೊಟ್ಟ ಹಕ್ಕನ್ನು ನಷ್ಟದ ವರ್ಷದಲ್ಲಿ ಹಿಂದಕ್ಕೆ ಪಡೆಯಬಹುದು. ಹಾಸಿಗೆ ಹಿಡಿದ ಮುದುಕಿ, ಬುದ್ಧಿ ಬೆಳೆಯದ ಮಗು, ಕುಷ್ಠದಿಂದ ಕೈ ಕಳೆದುಕೊಂಡವನು ಇವರ ಹಕ್ಕಿನಿಂದ ಯಾವ ರಾಷ್ಟ್ರದ ರಫ್ತೂ ಏರುವುದಿಲ್ಲ. ಪೋಪ್ ಆರನೆಯ ಪೌಲ್ 1967ರ 'ಪೋಪುಲೋರುಮ್ ಪ್ರೊಗ್ರೆಸ್ಸಿಯೋ' ವಿಶ್ವಪತ್ರದಲ್ಲಿ ಅಭಿವೃದ್ಧಿಯೆಂದರೆ ಬರಿಯ ಆರ್ಥಿಕ ಬೆಳವಣಿಗೆಯಲ್ಲ, ಅದು ಪ್ರತಿಯೊಬ್ಬ ಮನುಷ್ಯನದೂ ಇಡಿಯ ಮನುಷ್ಯನದೂ ಆಗಿರಬೇಕೆಂದು ಬೋಧಿಸಿದ್ದಾರೆ. ನಮ್ಮ ನಿಲುವು ಅಷ್ಟೇ. ಹಕ್ಕು ಸಿರಿಯ ಬೀಜವಾಗಿ ಫಲ ಕೊಟ್ಟರೆ ಸಂತೋಷ, ಕೊಡದಿದ್ದರೂ ಅದು ಸಲ್ಲತಕ್ಕದ್ದೇ.

ಕೊರಿಯದ ತಲಾ ಆದಾಯ ಈಗ ಮೂವತ್ತು ಸಾವಿರ ಡಾಲರಿಗೂ ಮಿಕ್ಕಿದೆ. ಇಷ್ಟು ಸಿರಿ ಬಂದ ಮೇಲೆ ಹಕ್ಕಿಗೆ ಅಪಾಯವಿಲ್ಲವೆಂದು ಭಾವಿಸಿದ್ದವರಿಗೆ 2024ರ ಡಿಸೆಂಬರ್ 3ರ ರಾತ್ರಿ ಎಚ್ಚರವಾಯಿತು. ಅಧ್ಯಕ್ಷ ಯೂನ್ ಸುಕ್ ಯೋಲ್ ಇದ್ದಕ್ಕಿದ್ದಂತೆ ಸೇನಾ ಕಾನೂನು ಸಾರಿದರು. ಸೈನಿಕರು ಪಾರ್ಲಿಮೆಂಟಿಗೆ ನುಗ್ಗಿದರು, ಆ ದೇಶದ ಹಣದ ಬೆಲೆ ಅದೇ ರಾತ್ರಿ ಕುಸಿಯಿತು. ಸಾಮಾನ್ಯ ಜನ ಚಳಿಯಲ್ಲಿ ಓಡಿಬಂದು ಬಾಗಿಲಿಗೆ ಅಡ್ಡ ನಿಂತರು, ಸದಸ್ಯರು ಗೋಡೆ ಹತ್ತಿ ಒಳಗೆ ಹೋಗಿ 190 ಮತಗಳಿಂದ, ಒಂದೂ ವಿರೋಧವಿಲ್ಲದೆ, ಆ ಆಜ್ಞೆಯನ್ನು ತಳ್ಳಿಹಾಕಿದರು. 2025ರ ಏಪ್ರಿಲ್ 4ರಂದು ಸಂವಿಧಾನ ನ್ಯಾಯಾಲಯ ಆ ಅಧ್ಯಕ್ಷರನ್ನು ಪದವಿಯಿಂದ ಇಳಿಸಿತು. ಗ್ವಾಂಗ್‌ಜುವನ್ನು ನೆನಪಿಟ್ಟ ಜನ ಅವರು.

ಆದರೆ ಆ ಸಿರಿಯ ಮನೆಯ ಹಿತ್ತಲಲ್ಲಿ ಈಗ ದುಡಿಯುತ್ತಿರುವವರಲ್ಲಿ ಬಹುಮಂದಿ ಬೇರೆ ದೇಶದವರು. ಹೊಟ್ಟೆಪಾಡಿಗೆ ಪರದೇಶಕ್ಕೆ ಹೋಗುವುದೇನೆಂದು ಈ ಊರಿಗೆ ಗೊತ್ತು. ಕೊಲ್ಲಿ ದೇಶಗಳಲ್ಲಿ ಪಾಸ್‌ಪೋರ್ಟನ್ನು ಧಣಿಯ ಕೈಗೆ ಒಪ್ಪಿಸಿ ದುಡಿದವರು ಈ ಸಭೆಯಲ್ಲಿಯೂ ಇರಬಹುದು. 2024ರ ಜೂನ್ 24ರಂದು ಸಿಯೋಲ್‌ನ ದಕ್ಷಿಣಕ್ಕಿರುವ ಹ್ವಾಸೊಂಗ್ ನಗರದ ಒಂದು ಬ್ಯಾಟರಿ ಕಾರ್ಖಾನೆಗೆ ಬೆಂಕಿ ಬಿದ್ದು 23 ಜನ ಸತ್ತರು. ಅವರಲ್ಲಿ 17 ಮಂದಿ ಚೀನದವರು, ಒಬ್ಬರು ಲಾವೋಸಿನವರು. ಕಾರ್ಮಿಕರ ಸುರಕ್ಷತೆಗೆ ಅಲ್ಲಿ ಈಗ ಒಳ್ಳೆಯ ಕಾನೂನುಗಳಿವೆ. ಆದರೆ ಬೆಂಕಿ ಬಿದ್ದರೆ ಹೊರಗೆ ಹೋಗುವ ದಾರಿ ಯಾವುದೆಂದು ಸತ್ತವರಿಗೆ ಸರಿಯಾಗಿ ಹೇಳಿಕೊಟ್ಟಿರಲಿಲ್ಲವೆಂದು ತನಿಖೆಯಲ್ಲಿ ತಿಳಿದುಬಂತು.